ಸಿಹಿ ಸೋರೆಯ ಕಹಿ ಬೀಜ

ಕುಂದಗೋಳದ ಹತ್ತಿರದ ಒಂದು ಬೀಜದ ತೋಟದಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದೆ. ಕಾಯಿಪಲ್ಲೆ ಗಿಡಗಳನ್ನು ಬೆಳೆಸಿ, ಕಾಯಿ ಬಲಿತು ಹಣ್ಣಾಗುವವರೆಗೆ ಬಿಟ್ಟು, ಬೀಜ ತೆಗೆದು, ಒಣಗಿಸಿ, ಮುಂದಿನ ಹಂಗಾಮಿಗೆ ರೈತರಿಗೂ ಹಿತ್ತಲು ಮಾಡುವ ಹೆಣ್ಣುಮಕ್ಕಳಿಗೂ ಕೊಡುವುದು ಅಲ್ಲಿಯ ಕೆಲಸ. ತೋಟ ನಡೆಸುತ್ತಿದ್ದವರ ಹೆಸರು ಇಲ್ಲಿ ಬೇಡ. ನಾನು ಹೇಳಲಿರುವ ತಪ್ಪುಗಳು ನನ್ನ ಕೈಯವು.

ನಿವೃತ್ತಿಯಾದ ಮೇಲೆ ಒಂದು ದಿನ ಆ ಕಡೆ ಹೋಗಿದ್ದೆ. ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಸವತೆ ಬೀಜ ತೊಳೆಯುತ್ತ ಕೂತಿದ್ದರು. ಒಬ್ಬಳು ಕೇಳಿದಳು: "ನೀಲಕ್ಕಾ, ಬೀಜ ತಗಿಯೂದು, ಒಣಗ್ಸೂದು, ಪಾಕೀಟಿಗೆ ತುಂಬೂದು. ಇಷ್ಟ ವರ್ಷ ಇದನ್ನ ಹೆಂಗ ಮಾಡಿದ್ರಿ? ಬ್ಯಾಸರ ಬರಲಿಲ್ಲೇನು?"

ನಗಲು ಹೋದೆ, ಆಗಲಿಲ್ಲ. ಈ ಕೆಲಸದಲ್ಲಿ ನನಗೆ ಬೇಸರ ಬಂದ ನೆನಪೇ ಇಲ್ಲ. ಎದೆ ಧಸಕ್ಕೆಂದ ನೆನಪುಗಳಿವೆ. ನಿಂತ ಕಾಲಲ್ಲಿ ಆ ಹುಡುಗಿಗೆ ಹೇಳಲಾಗದ್ದನ್ನು ಈಗ ಕೂತು ಬರೆಯುತ್ತಿದ್ದೇನೆ.

ಸೇರಿದ ಮೊದಲ ಬೇಸಿಗೆ. ತೋಟದ ಮುಖ್ಯಸ್ಥರು ಪಾಟೀಲ ಸರ್. ಸಣ್ಣ ದನಿಯ ಮನುಷ್ಯ, ಸಿಟ್ಟು ಬಂದರೆ ದನಿ ಇನ್ನೂ ಸಣ್ಣದಾಗುತ್ತಿತ್ತು. ಅಣ್ಣಿಗೇರಿ ಕಡೆಯ ಒಬ್ಬ ಅಜ್ಜ ತಮ್ಮ ಮನೆತನದಲ್ಲಿ ಉಳಿದುಬಂದ ಬದನೆಯ ಹಣ್ಣುಗಳನ್ನು ಚೀಲದಲ್ಲಿ ತಂದುಕೊಟ್ಟಿದ್ದರು. ದುಂಡು ಬದನೆ, ಹಸಿರು ಮೈಮೇಲೆ ಬಿಳಿ ಪಟ್ಟೆ. ಬೀಜಕ್ಕೆಂದು ಬಿಟ್ಟು ಬಿಟ್ಟು ಅವು ಅರಿಸಿನ ಬಣ್ಣಕ್ಕೆ ತಿರುಗಿದ್ದವು. ಅವನ್ನು ಹಿಸುಕಿ, ಬೀಜ ತೊಳೆದು ಒಣಗಿಸುವ ಕೆಲಸ ನನ್ನದು.

ಬೇಗ ಒಣಗಲಿ ಅಂತ ನಾನು ಹಸಿ ಬೀಜವನ್ನು ತಗಡಿನ ಮೇಲೆ ಹರವಿ ಬಿಸಿಲಿಗಿಟ್ಟೆ. ಮುಂಜಾನೆ ಇಟ್ಟದ್ದು ಮಧ್ಯಾಹ್ನಕ್ಕೆ ಗರಗರ ಅನ್ನುವಂತಾಗಿತ್ತು. ನನ್ನ ಚುರುಕುತನಕ್ಕೆ ನಾನೇ ಹಿಗ್ಗಿದೆ. ಪಾಕೀಟು ಕಟ್ಟಿ, ಹೆಸರು ಬರೆದಿಟ್ಟೆ.

ಮುಂದೆ ಮೊಳಕೆ ನೋಡುವ ದಿನ ಬಂತು. ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಕಾಯುವುದು ನಮ್ಮ ರೀತಿ. ಐದು ದಿನಕ್ಕೆ ಬಿಚ್ಚಿದೆ, ಏನಿಲ್ಲ. ಹತ್ತು ದಿನಕ್ಕೆ ಬಿಚ್ಚಿದೆ. ಬೀಜ ಇಟ್ಟಂತೆಯೇ ಇದ್ದವು. ಬೆರಳಲ್ಲಿ ಒತ್ತಿದರೆ ಒಳಗಿನಿಂದ ಕೊಳೆತ ನೀರು ಬಂತು. ಒಂದೂ ಮೊಳೆತಿರಲಿಲ್ಲ. ಇನ್ನೊಂದು ಪಾಕೀಟು ಒಡೆದು ನೋಡಿದೆವು, ಮತ್ತೊಂದು ನೋಡಿದೆವು. ಎಲ್ಲವೂ ಹಾಗೇ.

ಪಾಟೀಲ ಸರ್ ಬಯ್ಯಲಿಲ್ಲ. ನಡುಮಧ್ಯಾಹ್ನ ನನ್ನನ್ನು ಆ ತಗಡಿನ ಹತ್ತಿರ ಕರೆದುಕೊಂಡು ಹೋದರು.

"ಕೈ ಇಡು," ಅಂದರು.

ಇಟ್ಟೆ, ಚಟ್ಟನೆ ತೆಗೆದೆ. ಅಂಗೈ ಕೆಂಪಾಗಿತ್ತು.

"ನೀ ಒಂದ ಕ್ಷಣ ಇಡಲಿಲ್ಲ ನೋಡವಾ. ಅವು ಮುಂಜಾನಿಂದ ಅದರ ಮ್ಯಾಲೆ ಮಲಗಿದ್ದೂ. ಹಸಿ ಬೀಜಾನ ನೀ ಒಣಗಿಸಲಿಲ್ಲ, ಬೇಯಿಸಿದಿ."

ಅವತ್ತೇ ನಾವಿಬ್ಬರೂ ಬಸ್ಸು ಹತ್ತಿ ಅಜ್ಜನ ಊರಿಗೆ ಹೋದೆವು. ಇನ್ನೆರಡು ಹಣ್ಣು ಸಿಕ್ಕರೆ ಸಾಕಿತ್ತು. ಅಜ್ಜ ನಮ್ಮನ್ನು ಕಂಡು ಸಂತೋಷಪಟ್ಟು, ಹೊಲದ ಮೂಲೆ ತೋರಿಸಿದರು. ಅಲ್ಲಿ ಗಿಡ ಇರಲಿಲ್ಲ. "ಬೀಜ ನಿಮ್ಮ ಕಡಿ ಇದ್ದೇ ಇರತೈತೆಲ್ಲಾ ಅಂತ ಗಿಡಾ ಕಿತ್ತ ಹಾಕಿದೆ. ಮನ್ಯಾಗೂ ಒಂದ ಕಾಳ ಇಟ್ಟಿಲ್ಲ," ಅಂದರು. ಏನಾಯಿತು ಅಂತ ಪಾಟೀಲ ಸರ್ ಹೇಳಿದಾಗ ಅಜ್ಜ ಆ ಖಾಲಿ ಮೂಲೆಯತ್ತ ತಿರುಗಿದರು. "ನಮ್ಮ ಅವ್ವ ತವರುಮನಿಯಿಂದ ತಂದಿದ್ಲು ಅದನ್ನ," ಅಂದರು.

ಆಮೇಲೆ ವರ್ಷಗಟ್ಟಲೆ ಸಂತೆಗಳಲ್ಲಿ ಹುಡುಕಿದೆ. ನವಲಗುಂದದ ಸಂತೆಯಲ್ಲಿ ಒಮ್ಮೆ ಅದೇ ಅನಿಸಿ ಓಡಿ ಹೋದೆ, ಬೇರೆಯದು. ಆ ಬದನೆ ಈಗ ಎಲ್ಲೂ ಇಲ್ಲ. ಒಂದು ತಳಿ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ ಅಂತ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನೆರಳಲ್ಲಿ, ಗಾಳಿಗೆ, ಬಟ್ಟೆಯ ಮೇಲೆ ಒಣಗಿಸಿರಿ. ಎಷ್ಟೇ ನಂಬಿಕೆಯವರಿಗೆ ಬೀಜ ಕೊಟ್ಟರೂ ಒಂದು ಹಿಡಿ ಮನೆಯಲ್ಲಿ ಇಟ್ಟುಕೊಳ್ಳಿರಿ ಅಂತ ಕೊಡುವವರಿಗೂ ಹೇಳಿರಿ.

ಎರಡನೆಯ ಪೆಟ್ಟು ಉಳ್ಳಾಗಡ್ಡಿಯದು, ಅಂದರೆ ಈರುಳ್ಳಿಯದು. ಉಳ್ಳಾಗಡ್ಡಿಗೆ ಎರಡು ಬದುಕು. ಮೊದಲ ಹಂಗಾಮಿನಲ್ಲಿ ಬೀಜದಿಂದ ಗಡ್ಡೆ ಬರುತ್ತದೆ. ಅದರಲ್ಲಿ ಒಳ್ಳೆಯ ಗಡ್ಡೆ ಆರಿಸಿ, ಕೂಡಿಟ್ಟು, ಚಳಿಗಾಲಕ್ಕೆ ಮತ್ತೆ ನೆಟ್ಟರೆ ಕೋಲಿನಂಥ ದಂಟು ಎದ್ದು, ತುದಿಯಲ್ಲಿ ಬಿಳಿ ಹೂವಿನ ಚೆಂಡು ಮೂಡುತ್ತದೆ. ಬೀಜ ಆಗ. ಗಡ್ಡೆ ತನ್ನಲ್ಲಿದ್ದುದನ್ನೆಲ್ಲ ಮೇಲೆ ಕಳಿಸಿ ಮಣ್ಣಿನಲ್ಲಿ ಕರಗಿಹೋಗುತ್ತದೆ.

ಮೇಲಿನ ಕಚೇರಿಯಿಂದ ಒಬ್ಬ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ಪಾಟೀಲ ಸರ್ ಅವತ್ತು ಹುಬ್ಬಳ್ಳಿಗೆ ಹೋಗಿದ್ದರು. ಸಾಹೇಬರು ಹೂಬಿಟ್ಟ ಮಡಿಯಿಂದ ಒಂದು ಗಿಡ ಕಿತ್ತು ನೋಡಿದರು. ಕೆಳಗೆ ಮೆತ್ತಗಾದ ಸಿಪ್ಪೆ.

"ಗಡ್ಡಿ ಎಲ್ಲೈತಿ ಇದರಾಗ? ಬೆಳಿ ಪೂರಾ ಕೆಟ್ಟ ಹೋಗೇತಿ. ಕೀಳ್ರಿ ಇದನ್ನ, ಜಾಗ ಖಾಲಿ ಮಾಡ್ರಿ."

ನನಗೆ ಗೊತ್ತಿತ್ತು. ಇನ್ನೊಂದು ತಿಂಗಳಿಗೆ ಆ ಚೆಂಡುಗಳಲ್ಲಿ ಕರಿ ಬೀಜ ತುಂಬುತ್ತವೆ ಅಂತ ನನಗೆ ಸರಿಯಾಗಿ ಗೊತ್ತಿತ್ತು. "ಸರ್, ಇದು ಬೀಜದ್ದು..." ಅಂತ ಶುರುಮಾಡಿದೆ. ಅವರು ನನ್ನತ್ತ ಒಮ್ಮೆ ನೋಡಿದರು, ಅಷ್ಟೇ. ನಾನು ಬಗ್ಗಿ ಕೀಳತೊಡಗಿದೆ. ಆಳುಗಳೂ ಕಿತ್ತರು. ಪಾಟೀಲ ಸರ್ ಬರುವ ಹೊತ್ತಿಗೆ ಅರ್ಧ ಮಡಿ ಬದುವಿನ ಮೇಲೆ ರಾಶಿಯಾಗಿ ಬಿದ್ದಿತ್ತು.

ಸಾಹೇಬರಿಗೆ ವಿಷಯ ತಿಳಿದಾಗ ಅವರ ಮುಖ ಬಿಳಿಚಿತು. "ಯಾರೂ ಹೇಳಲಿಲ್ಲಲ್ರಿ ನನಗ," ಅಂದರು. ಪಾಟೀಲ ಸರ್ ನನ್ನನ್ನೇ ನೋಡುತ್ತಿದ್ದರು. ನಾನು ನನ್ನ ಕೈ ನೋಡಿಕೊಂಡೆ. ಉಳ್ಳಾಗಡ್ಡಿಯ ವಾಸನೆ ಎರಡು ದಿನ ಹೋಗಲಿಲ್ಲ. ಅರಿಯದೆ ತಪ್ಪು ಮಾಡುವುದು ಬೇರೆ. ಗೊತ್ತಿದ್ದೂ ನನ್ನ ಕೈ ಅಷ್ಟು ಸಲೀಸಾಗಿ ಕಿತ್ತಿತಲ್ಲ ಅನ್ನುವುದೇ ನನ್ನನ್ನು ಬೆಚ್ಚಿಬೀಳಿಸಿತು.

ವರ್ಷಗಳು ಹೋದವು. ಪಾಟೀಲ ಸರ್ ನಿವೃತ್ತರಾದರು. ಬೂದಿ ಬೆರೆಸಿ ಗಡಿಗೆಯಲ್ಲಿಡುತ್ತಿದ್ದ ಬೀಜ ಈಗ ಫ್ರಿಜ್ಜಿನೊಳಗೆ ಹೋಯಿತು. ಗಿಡಕ್ಕೊಂದು ಚೀಟಿ, ಪಾಕೀಟಿನ ಮೇಲೆ ನನ್ನ ಮೊಬೈಲ್ ನಂಬರು. ನಾನು ಹೊಸಬರಿಗೆ ಕಲಿಸುವವಳಾದೆ. ಜನ ನನ್ನ ಮಾತನ್ನು ಪ್ರಶ್ನಿಸುವುದು ನಿಂತಿತು. ಈಗ ಯೋಚಿಸಿದರೆ ಅದೇ ದೊಡ್ಡ ಅಪಾಯವಾಗಿತ್ತು.

ನಿವೃತ್ತಿಗೆ ಎರಡು ವರ್ಷ ಇರುವಾಗ ಶುರುವಾದದ್ದನ್ನು ಈಗ ಹೇಳುತ್ತೇನೆ.

ತೋಟಕ್ಕೆ ಬರುವವರಿಗೆ ಹಿಂದಿನವರು ಬೀಜ ಹೇಗೆ ಇಡುತ್ತಿದ್ದರು ಅಂತ ತೋರಿಸಬೇಕೆಂದು ನನಗೆ ಆಸೆ. ಹಿಂದೆ ಒಣಗಿದ ಸೋರೆ ಬುರುಡೆಯಲ್ಲಿ ಬೀಜ ತುಂಬಿ ತೂಗುಹಾಕುತ್ತಿದ್ದರು. ಆ ಬುರುಡೆಗೆ ದಪ್ಪ ಸಿಪ್ಪೆಯ ಕಹಿ ಸೋರೆಯೇ ಆಗಬೇಕು; ಅದನ್ನು ಹುಳ ಮುಟ್ಟುವುದಿಲ್ಲ. ಎಲ್ಲಿಂದಲೋ ಬೀಜ ತಂದು ಹಿಂದಿನ ಬೇಲಿಗೆ ಒಂದು ಬಳ್ಳಿ ಹಬ್ಬಿಸಿದೆ. ಮುಂದಿನ ಚಪ್ಪರದಲ್ಲಿ ತಿನ್ನುವ ಸಿಹಿ ಸೋರೆ ಇತ್ತು. ನಮ್ಮ ಕಡೆಯವರು ಹಾಲಗುಂಬಳ ಅನ್ನುವುದು ಇದಕ್ಕೇ. ನಡುವೆ ನಾಲ್ಕೈದು ಮಡಿಗಳ ಅಂತರ. ಬುರುಡೆಗಳು ಚೆಂದ ಬಂದವು. ಬಂದವರೆಲ್ಲ ಅದರ ಜೊತೆ ಫೋಟೋ ತೆಗೆಸಿಕೊಂಡರು.

ಆ ವರ್ಷ ಚಪ್ಪರದ ಸಿಹಿ ಸೋರೆಯಿಂದ ಬೀಜ ತೆಗೆದೆ. ತೆಗೆಯುವ ಮೊದಲು ಅದೇ ಬಳ್ಳಿಗಳ ಎಳೆಗಾಯಿ ತಂದು ಪಲ್ಯ ಮಾಡಿ ಉಂಡಿದ್ದೆ. ಸಕ್ಕರೆಯಂತಿತ್ತು. ಕಲಘಟಗಿಯಲ್ಲಿ ಹೆಣ್ಣುಮಕ್ಕಳ ಸಂಘದ ಒಂದು ಸಭೆ ಇತ್ತು. ಅಲ್ಲಿ ಆ ಬೀಜದ ಪಾಕೀಟುಗಳನ್ನು ಕೈಗೆ ಸಿಕ್ಕವರಿಗೆಲ್ಲ ಹಂಚಿದೆ. ಯಾರಿಗೆ ಕೊಟ್ಟೆ ಅಂತ ಬರೆದುಕೊಳ್ಳಲಿಲ್ಲ.

ಮರುವರ್ಷದ ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ಮುಂಜಾನೆ ಫೋನು ಬಂತು. ಹರೆಯದ ಹೆಣ್ಣಿನ ದನಿ, ನಡುಗುತ್ತಿತ್ತು.

"ಅಕ್ಕಾರ, ನಾ ಪಾರ್ವತಿ ಅಂತ. ಕಲಘಟಗಿ ಕಡಿಯಾಕಿ. ನೀವು ಕೊಟ್ಟ ಹಾಲಗುಂಬಳದ ಬೀಜ... ಅದರ ಕಾಯಿ ಕಹಿ ಆಗತಾವೇನ್ರಿ?"

"ಇಲ್ಲ ತಂಗಿ," ಅಂದೆ. ನಗುತ್ತಲೇ ಅಂದೆ. "ಅಗದಿ ಸಿಹಿ ಅದಾವ. ನಾನ ತಿಂದ ನೋಡಿ ಕೊಟ್ಟೇನಿ."

ಆ ಕಡೆ ಒಂದು ಗಂಡಸಿನ ದನಿ, "ಕೇಳಿದ್ರೆಲ್ಲಾ?" ಅಂದಿತು. ಫೋನು ಕಟ್ಟಾಯಿತು.

ಯಾಕೋ ಮನಸ್ಸಿಗೆ ಸರಿಬರಲಿಲ್ಲ. ಅದೇ ಬೀಜದಿಂದ ಎದ್ದ ಆರು ಬಳ್ಳಿ ನಮ್ಮ ತೋಟದಲ್ಲೂ ಇದ್ದವು, ಆಗಷ್ಟೇ ಕಾಯಿ ಬಿಡುತ್ತಿದ್ದವು. ಕುಡಗೋಲು ತೆಗೆದುಕೊಂಡು ಹೋದೆ. ಮೊದಲ ಬಳ್ಳಿಯ ಕಾಯಿ ಕೊಯ್ದು ಒಂದು ಚೂರು ನಾಲಿಗೆಗೆ ಇಟ್ಟೆ. ಸಿಹಿ. ಎರಡನೆಯದೂ ಸಿಹಿ. ನನ್ನ ಉಸಿರು ಸಡಿಲಾಯಿತು. ಮೂರನೆಯದನ್ನು ಇಟ್ಟೆನೋ ಇಲ್ಲವೋ, ಬಾಯಿಗೆ ಬೆಂಕಿ ಬಿದ್ದಂತಾಯಿತು. ಬೇವು ಇದರ ಮುಂದೆ ಏನೂ ಅಲ್ಲ. ಉಗುಳಿದೆ, ನೀರು ಮುಕ್ಕಳಿಸಿದೆ. ಗಂಟಲ ಹಿಂದಿನ ಕಹಿ ಹೋಗಲೇ ಇಲ್ಲ. ತಲೆ ಎತ್ತಿದರೆ ಎದುರಿಗೆ ಹಿಂದಿನ ಬೇಲಿ. ಅದರ ಮೇಲೆ ಹೋದ ವರ್ಷ ತೂಗಿದ್ದ ಬುರುಡೆಗಳು ಕಣ್ಣಿಗೆ ಬಂದವು.

ಸೋರೆಯ ಹೂವು ಸಂಜೆ ಅರಳುತ್ತದೆ. ದುಂಬಿ, ಪತಂಗ ಬೇಲಿಯಿಂದ ಚಪ್ಪರಕ್ಕೆ ಹಾರಾಡುತ್ತವೆ, ನಾಲ್ಕು ಮಡಿಯ ಅಂತರ ಅವಕ್ಕೆ ಲೆಕ್ಕವೇ ಅಲ್ಲ. ಬೇಲಿಯ ಕಹಿ ಹೂವಿನ ಪರಾಗ ಚಪ್ಪರದ ಸಿಹಿ ಹೂವಿಗೆ ಬಿದ್ದಿದೆ. ಕಾಯಿಯ ತಿರುಳು ತಾಯಿ ಬಳ್ಳಿಯದು, ಹಾಗಾಗಿ ನಾನುಂಡ ಪಲ್ಯ ಸಿಹಿಯೇ ಇತ್ತು. ಬೀಜದೊಳಗೆ ತಂದೆಯೂ ಇರುತ್ತಾನೆ; ಅವನು ಮುಂದಿನ ವರ್ಷದ ಬಳ್ಳಿಯಲ್ಲಿ ಮುಖ ತೋರಿಸುತ್ತಾನೆ. ಸವತೆ, ಹೀರೆಗೆ ಈ ಪಾಠವನ್ನು ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೆನೋ! ನನ್ನ ಬುರುಡೆಯ ಆಸೆಗೆ ಅದನ್ನೇ ಮರೆತಿದ್ದೆ.

ಅದೇ ನಂಬರಿಗೆ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಸಂಘದ ಒಬ್ಬಾಕೆಯನ್ನು ಹಿಡಿದು ಕೇಳಿದಾಗ ಗೊತ್ತಾಯಿತು: ಪಾರ್ವತಿಯ ಅತ್ತೆ ಕಲ್ಲವ್ವನಿಗೆ ಸಕ್ಕರೆ ಕಾಯಿಲೆ. ಹಾಲಗುಂಬಳದ ಹಸಿ ರಸ ಒಳ್ಳೆಯದು ಅಂತ ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ, ಹಿಂದಿನ ದಿನ ಮುಂಜಾನೆ ಖಾಲಿ ಹೊಟ್ಟೆಗೆ ಒಂದು ದೊಡ್ಡ ಗ್ಲಾಸು ಕುಡಿದಿದ್ದಾರೆ. ಸ್ವಲ್ಪ ಹೊತ್ತಿಗೆ ವಾಂತಿ. ಆಮೇಲೆ ವಾಂತಿಯಲ್ಲಿ ರಕ್ತ. ಮಗ ಹುಬ್ಬಳ್ಳಿಯ ದವಾಖಾನೆಗೆ ಒಯ್ದಿದ್ದಾನೆ. ರಸ ತೆಗೆದುಕೊಟ್ಟವಳು ಪಾರ್ವತಿ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಕಲ್ಲವ್ವನ ತಮ್ಮ ಬಸಪ್ಪ ಎನ್ನುವವರು, ಸೊಸೆ ಏನೋ ಬೆರೆಸಿದ್ದಾಳೆ ಅಂತ ಊರೆಲ್ಲ ಸೇರಿಸಿದ್ದಾರೆ.

"ಕಾಯಿನ ಕಹಿ ಇದ್ದೂ ಅಂತ ಆಕಿ ಹೇಳಿದ್ಲಂತ್ರಿ," ಅಂದಳು ಸಂಘದಾಕೆ. "ಹಂಗಾರ ಬೀಜ ಕೊಟ್ಟಾಕಿನ್ನ ಕೇಳೂಣು ಅಂತ ಎಲ್ಲಾರ ಮುಂದ ಫೋನ್ ಹಚ್ಚಿಸಿದ್ರು. ನೀವು ಸಿಹಿ ಅಂದ್ರಂತಲ್ರಿ."

ನನ್ನ ಬೀಜ ಒಬ್ಬಳಿಗೆ ವಿಷವಾಗಿತ್ತು, ನನ್ನ ನಗುಮಾತು ಇನ್ನೊಬ್ಬಳ ಮೇಲೆ ಸಾಕ್ಷಿಯಾಗಿತ್ತು.

ಆಗಿನ ಮ್ಯಾನೇಜರಿಗೆ ಹೇಳಿದೆ. ಚಿಕ್ಕ ವಯಸ್ಸಿನವರು, ಕೆಟ್ಟವರಲ್ಲ, ಹೆದರಿದರು.

"ನೀಲಕ್ಕಾರ, ಸುಮ್ನಿರ್ರಿ ಸ್ವಲ್ಪ. ರಸಾ ಕುಡೀರಿ ಅಂತ ನಾವೇನ ಹೇಳಿದ್ವೇನು? ಇನ್ನೊಂದ ವರ್ಷಕ್ಕ ನಿಮ್ಮ ನೌಕರಿ ಮುಗೀತೈತಿ. ಹೋಗಿ ತಲಿ ಕೊಡಬ್ಯಾಡ್ರಿ."

ಹೆದರಿಕೆ ನನಗೂ ಇತ್ತು. ಆದರೂ, "ಒಂದು ಸಲ ದೊಡ್ಡವರ ಮಾತ ಕೇಳಿ ಅರ್ಧ ಮಡಿ ಕಿತ್ತೇನ್ರಿ ನಾನು, ಈ ಸಲ ಆಗೂದಿಲ್ಲ," ಅಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ. ನಾನು ಬಸ್‌ಸ್ಟ್ಯಾಂಡಿಗೆ ನಡೆದೆ.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಆ ಊರು ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ಮನೆಯ ಮುಂದೆ ಹತ್ತಿಪ್ಪತ್ತು ಜನ. ಕಟ್ಟೆಯ ತುದಿಗೆ ಒಬ್ಬ ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು, ಪಕ್ಕದಲ್ಲಿ ಒಂದು ಬಟ್ಟೆಯ ಗಂಟು. ಅವಳೇ ಪಾರ್ವತಿ. ಬಂದು ಕರೆದೊಯ್ಯಲು ಅವಳ ತಂದೆಗೆ ಹೇಳಿಕಳಿಸಿದ್ದರಂತೆ. ಪೊಲೀಸರಿಗೆ ಹೇಳುವುದೋ ಬೇಡವೋ ಅನ್ನುವ ಮಾತು ನಡೆದಿತ್ತು.

"ನಾನ ಬೀಜ ಕೊಟ್ಟಾಕಿ," ಅಂದೆ. "ನಿಮ್ಮ ಹಿತ್ತಲದಾಗಿನ ಬಳ್ಳಿ ತೋರಸ್ರಿ."

ಬಸಪ್ಪ ಎತ್ತರದ ಆಳು, ಬಿಳಿ ಟೊಪ್ಪಿಗೆ. "ಫೋನಿನ್ಯಾಗ ಎಲ್ಲಾ ಹೇಳಿ ಮುಗಿಸಿದಿಯಲ್ಲವಾ," ಅಂದರು.

"ನೋಡದ ಹೇಳಿದೆರೀ. ನೋಡದ ಹೇಳಿದ್ದು ಸುಳ್ಳ. ಒಂದೀಟ ಬರ್ರಿ."

ಹಿತ್ತಲಲ್ಲಿ ಬಳ್ಳಿ ದನದ ಕೊಟ್ಟಿಗೆಯ ಮೇಲೆ ಹಬ್ಬಿತ್ತು. ಇಷ್ಟುದ್ದದ ಕಾಯಿಗಳು, ನೋಡಿದರೆ ಕಣ್ಣಿಗೆ ಹಬ್ಬ. ಒಂದನ್ನು ಕೊಯ್ದು ಎಲ್ಲರ ಮುಂದೆ ಹೆಚ್ಚಿದೆ.

"ನುಂಗಬ್ಯಾಡ್ರಿ, ನಾಲಿಗಿ ತುದಿಗೆ ಹಚ್ಚಿ ಉಗುಳ್ರಿ."

"ಮೊದಲ ನೀ ಹಚ್ಚು," ಅಂದರು ಬಸಪ್ಪ.

ಹಚ್ಚಿದೆ. ಕಣ್ಣಲ್ಲಿ ನೀರು ಬಂತು. ಉಗುಳಿ ಅವರ ಕೈಗೆ ಚೂರು ಕೊಟ್ಟೆ. ಅವರು ಮುಟ್ಟಿಸಿಕೊಂಡರು; ಮುಖ ಹಿಂಡಿದಂತಾಯಿತು. ಥೂ ಥೂ ಅಂತ ಉಗುಳಿ, ದನದ ಬಾನಿಯ ನೀರನ್ನೇ ಎತ್ತಿ ಬಾಯಿ ಮುಕ್ಕಳಿಸಿದರು. ಹಿಂದೆ ನಿಂತವರೂ ಒಬ್ಬೊಬ್ಬರೇ ಹಚ್ಚಿ ನೋಡಿದರು.

"ಇದರಾಗ ಯಾರೂ ಏನೂ ಬೆರಸಿಲ್ರಿ. ವಿಷ ಕಾಯಾಗ ಐತಿ. ತಪ್ಪ ನಂದು," ಅಂದೆ. ಬೇಲಿಯ ಬಳ್ಳಿಯಿಂದ ಹಿಡಿದು ಎಲ್ಲ ಹೇಳಿದೆ. ಕಲ್ಲವ್ವನ ಮಗನಿಗೆ ಫೋನು ಹಚ್ಚಿಸಿ, ಡಾಕ್ಟರಿಗೂ ಹೇಳಿದೆ. ಯಾವುದರಿಂದ ಹೀಗಾಯಿತು ಅಂತ ಗೊತ್ತಾದದ್ದು ಒಳ್ಳೆಯದಾಯಿತು, ಜೀವಕ್ಕೆ ಈಗ ಅಪಾಯ ಕಾಣುವುದಿಲ್ಲ ಅಂತ ಅವರು ಹೇಳಿದ ಮೇಲೆ ನಾನು ಕೊಟ್ಟಿಗೆಯ ಗೋಡೆಗೆ ಒರಗಿ ಕೂತುಬಿಟ್ಟೆ.

ಹೊರಡುವಾಗ ಪಾರ್ವತಿಯ ಮುಂದೆ ನಿಂತೆ. ಬೈಯಲಿ, ಹೊಡೆಯಲಿ ಅನಿಸಿತ್ತು. ಅವಳು, "ನಾನೂ ಕಹಿ ಅಂತ ಹೇಳಿದ್ನಿರೀ ಇವರಿಗೆ. ಕಾಯಿ ಕೈಯಾಗ ಹಿಡಕೊಂಡ ಹೇಳಿದ್ನಿ. ಯಾರೂ ನಾಲಿಗಿಗೆ ಹಚ್ಚಿ ನೋಡಲಿಲ್ಲ," ಅಂದಳಷ್ಟೇ. ಮಾತು ಮೆಲ್ಲಗಿತ್ತು. ಅದರ ಪೆಟ್ಟು ಈಗಲೂ ಇದೆ.

ಇನ್ನು ಉಳಿದ ಪಾಕೀಟುಗಳು. ಯಾರ ಮನೆಯಲ್ಲಿವೆಯೋ! ಹೆಸರು ಬರೆದಿಟ್ಟಿರಲಿಲ್ಲವಲ್ಲ. ಬಸ್ಸಿನಲ್ಲಿ ಕೂತೇ ಮೊಬೈಲಿಗೆ ನನ್ನ ದನಿ ತುಂಬಿ ಸಂಘದವರಿಗೆಲ್ಲ ಕಳಿಸಿದೆ: "ನಾನು ಬೀಜದ ತೋಟದ ನೀಲವ್ವ. ಕಲಘಟಗಿ ಸಭಾದಾಗ ನಾ ಕೊಟ್ಟ ಹಾಲಗುಂಬಳದ ಬೀಜ ಕೆಟ್ಟಾವ. ಬಳ್ಳಿ ಕಿತ್ತ ಹಾಕ್ರಿ, ಕಾಯಿ ಯಾರೂ ತಿನ್ನಬ್ಯಾಡ್ರಿ. ಯಾವ ಹಾಲಗುಂಬಳನ ಆಗಲಿ, ಹೆಚ್ಚೂ ಮುಂದ ಒಂದ ಚೂರ ನಾಲಿಗಿಗೆ ಹಚ್ಚಿ ನೋಡ್ರಿ. ಕಹಿ ಇದ್ರ ಉಗುಳಿ ಬಿಸಾಕ್ರಿ. ತಪ್ಪ ನಂದು." ಎರಡು ದಿನದ ಮೇಲೆ ನವಲಗುಂದದಿಂದ ನನ್ನ ಗೆಳತಿಯೊಬ್ಬಳು ಗಾಬರಿಯಾಗಿ ಫೋನು ಮಾಡಿ, "ಯಾರೋ ನಿನ್ನ ದನಿ ಹಾಕಿ ಏನೇನೋ ಕಳಸ್ಯಾರ ನೋಡ," ಅಂದಳು. "ನನ್ನ ದನಿನ," ಅಂದೆ. ಒಂದು ವಾರ ಹಳ್ಳಿ ಹಳ್ಳಿ ತಿರುಗಿ, ಸಿಕ್ಕ ಮನೆಗಳಲ್ಲಿ ನಿಂತು ಬಳ್ಳಿ ಕೀಳಿಸಿದೆ. ಒಂದು ಮನೆಯಲ್ಲಿ ಆಗಷ್ಟೇ ಒಲೆಯ ಮೇಲಿಟ್ಟಿದ್ದ ಪಲ್ಯವನ್ನು ಕೆಳಗಿಳಿಸಿದೆವು. ನೋಡಿದರೆ ಅದು ಕಹಿ. ಆ ಮನೆಯಾಕೆಯ ಇಬ್ಬರು ಸಣ್ಣ ಮಕ್ಕಳು ತಾಟು ಹಿಡಿದು ಕೂತಿದ್ದರು.

ತೋಟದಲ್ಲಿ ಕ್ರಮ ಬದಲಾಯಿತು. ಬೀಜಕ್ಕೆ ಬೇಕಾದ ಸೋರೆಯ ಹೆಣ್ಣು ಮೊಗ್ಗು ಅರಳುವ ಮೊದಲೇ ಕಾಗದದ ಚೀಲ ಕಟ್ಟಬೇಕು. ಚೀಲ ಕಟ್ಟಿಯೇ ಇಟ್ಟ ಸಿಹಿ ಬಳ್ಳಿಯ ಗಂಡು ಹೂವು ತಂದು, ಅರಳಿದ ಸಂಜೆಯೇ ಕೈಯಿಂದ ಪರಾಗ ಮುಟ್ಟಿಸಿ, ಮತ್ತೆ ಚೀಲ ಕಟ್ಟಿ, ತೊಟ್ಟಿಗೆ ಚೀಟಿ ಬಿಗಿಯಬೇಕು. ಆ ಕಾಯಿಯ ಬೀಜ ಮಾತ್ರ ಹೊರಗೆ ಹೋಗಬೇಕು. ಇಸಿದುಕೊಂಡವರ ಹೆಸರು, ಊರು ಬರೆದಿಡಬೇಕು. ಹಿಂದಿನ ಬೇಲಿಯಲ್ಲಿ ಒಣಗಿ ಉಳಿದಿದ್ದ ಬುರುಡೆಯ ಬಳ್ಳಿಯನ್ನು ನಾನೇ ಕಿತ್ತೆ. ಮ್ಯಾನೇಜರ್ ನನ್ನ ಮೇಲೆ ಒಂದು ಪತ್ರ ಬರೆದರು. ಅದರಲ್ಲಿ ಇದ್ದದ್ದೆಲ್ಲ ನಿಜವಾಗಿತ್ತು, ಸಹಿ ಮಾಡಿಕೊಟ್ಟೆ.

ಕಲ್ಲವ್ವ ಮನೆಗೆ ಬಂದಿದ್ದಾರೆ ಅಂತ ಕೇಳಿ ಮೂರು ವಾರದ ಮೇಲೆ ನೋಡಲು ಹೋದೆ. ಎಲ್ಲ ಸರಿಹೋಗಿದೆ ಅಂದುಕೊಂಡಿದ್ದೆ. ಪಡಸಾಲೆಯಲ್ಲಿ ಹೊರಸಿನ ಮೇಲೆ ಕಲ್ಲವ್ವ ಮಲಗಿದ್ದರು, ಮೈಯಲ್ಲಿ ಅರ್ಧ ಇಳಿದಿದ್ದರು. ಬಸಪ್ಪನೂ ಇದ್ದರು, ಮಗನೂ ಇದ್ದ. ನನ್ನನ್ನು ಕೂರಿಸಿದರು.

ಪಾರ್ವತಿ ಅಂಬಲಿಯ ಬಟ್ಟಲು ತಂದಳು. ಅತ್ತೆಯ ಕೈಗೆ ಕೊಡುವ ಮೊದಲು ಅಂಗೈಗೆ ತುಸು ಸುರಿದುಕೊಂಡು, ಬಸಪ್ಪನ ಕಡೆ ತಿರುಗಿ, ತಾನು ಕುಡಿದಳು. ಆಮೇಲೆ ಬಟ್ಟಲು ಹಿಡಿದು ಹಾಗೇ ನಿಂತಳು. ಯಾರಿಗೂ ಅದು ಹೊಸದಾಗಿ ಕಾಣಲಿಲ್ಲ. ನನಗೆ ಒಂದು ಕ್ಷಣ ಏನು ನೋಡಿದೆ ಅಂತಲೇ ತಿಳಿಯಲಿಲ್ಲ.

"ಇದೇನ್ರಿ?" ಅಂದೆ.

"ನೀ ಹೇಳಿದ್ದು ಖರೇನ ಐತವಾ. ಕಾಯಿ ಕಹಿ ಇತ್ತು," ಅಂದರು ಬಸಪ್ಪ. "ಆದ್ರ ಕಹಿ ಅಂತ ಆಕಿಗೆ ಗೊತ್ತಿತ್ತಲ್ಲ? ಗೊತ್ತಿದ್ದೂ ಗ್ಲಾಸ್ ತುಂಬಿ ಕೊಟ್ಟಾಳ. ಅದಕ್ಕ ಒಂದಿಷ್ಟ ದಿವಸ ಮೊದಲ ತಾನ ಕುಡದ ಕೊಡ್ಲಿ ಅಂದೇನಿ."

ನಾನು ಎಲ್ಲರ ಮುಂದೆ ನಿಂತು ಅಷ್ಟೆಲ್ಲ ಹೇಳಿದ್ದು ಬರೀ ಬಳ್ಳಿಯನ್ನು ಕಿತ್ತಿತ್ತು. ಗುಮಾನಿ ಬೇರೆ ಕಡೆ ಚಿಗುರಿತ್ತು. ದಿನಕ್ಕೆ ಎಷ್ಟು ಸಲ ಅವಳು ಹೀಗೆ ಅಂಗೈಗೆ ಸುರಿದುಕೊಂಡಿದ್ದಳೋ! ಗಂಡ ನೆಲ ನೋಡುತ್ತ ಕೂತಿದ್ದ.

ಹೊರಸಿನ ಮೇಲಿಂದ ಕಲ್ಲವ್ವ, "ಬಸ್ಯಾ," ಅಂದರು. ಗಂಟಲು ಇನ್ನೂ ಸರಿಯಾಗಿರಲಿಲ್ಲ. ದನಿ ಗೀಚಿದಂತೆ ಬಂತು. "ಸಾಕ ಬಿಡು. ನನಗೂ ಗೊತ್ತಿತ್ತು."

"ಏನ ಗೊತ್ತಿತ್ತಕ್ಕಾ?"

"ಕಹಿ ಅಂತ. ಆಕಿ ಚೂರ ಕೊಟ್ಟ, ಅತ್ತಿ ಇದು ಕಹಿ ಐತಿ, ಬ್ಯಾಡ್ರಿ ಅಂದ್ಲು. ಕಹಿ ಇದ್ದಷ್ಟ ಸಕ್ಕರಿಗೆ ಚಲೋ ಅಂತ ನಾನ ಗದರಿಸಿ ಹಿಂಡಿಸ್ಕೊಂಡ್ನಿ. ಮೂಗ ಹಿಡಕೊಂಡ ಕುಡದ್ನಿ." ಉಸಿರು ತೆಗೆದುಕೊಂಡರು. "ದವಾಖಾನ್ಯಾಗ ಎಚ್ಚರ ಇತ್ತು ನನಗ. ನೀವು ಮಾತಾಡಿದ್ದೆಲ್ಲಾ ಕೇಳಸ್ತಿತ್ತು. ಮೊಬೈಲ್ ನೋಡಿ ಕುಡದೇನಿ ಅಂದ್ರ ಮಗಾ ಬೈತಾನಂತ ಸುಮ್ನಾದ್ನಿ."

ಬಸಪ್ಪ ಎದ್ದು ನಿಂತರು. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಕಟ್ಟೆಗೆ ಹೋಗಿ ಕೂತರು. ಮಗ ತಲೆ ಎತ್ತಿ ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ಕಂಡ ಯಾವ ಕಹಿಯೂ ಇಷ್ಟಿರಲಿಲ್ಲ.

ಪಾರ್ವತಿ ಮಾತ್ರ ಬಟ್ಟಲು ಹಿಡಿದು ನಿಂತೇ ಇದ್ದಳು.

"ಅಂಬಲಿ ಆರತೈತಿರಿ ಅತ್ತಿ, ಕುಡೀರಿ," ಅಂದಳು.

ಕಲ್ಲವ್ವ ಬಟ್ಟಲನ್ನು ನೋಡಿದರು. ಅವಳ ಮುಖ ನೋಡಲಾರದೆ, ಎರಡೂ ಕೈ ಚಾಚಿ ಇಸಿದುಕೊಂಡು, ಒಂದೇ ಉಸಿರಿಗೆ ಕುಡಿದರು. ಕುಡಿಯುತ್ತಲೇ ಅತ್ತರು. ಪಾರ್ವತಿ ತನ್ನ ಸೆರಗಿನಿಂದ ಅವರ ಬಾಯಿ ಒರೆಸಿ, ಖಾಲಿ ಬಟ್ಟಲು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಒಳಗೆ ಬಹಳ ಹೊತ್ತು ನೀರು ಸುರಿಯುವ ಸದ್ದು ಕೇಳಿತು. ಆಮೇಲೆ ಮುಖ ತೊಳೆದುಕೊಂಡು ಬಾಗಿಲಿಗೆ ಬಂದು ನಿಂತಳು.

"ಅಕ್ಕಾರ, ದೂರದಿಂದ ಬಂದೀರಿ. ಉಂಡ ಹೋಗ್ರಿ," ಅಂದಳು.

ಒಳಗೆ ಹೋಗಿ ಕೂತೆ. ಬಿಸಿ ರೊಟ್ಟಿ ಹಾಕಿ, ಬದಿಗೆ ಪಲ್ಯ ಬಡಿಸಿದಳು. ಯಾವ ಪಲ್ಯ ಅಂತ ನಾನು ಕೇಳಲಿಲ್ಲ. ರೊಟ್ಟಿ ಮುರಿದು ಉಂಡೆ.